ಸೀನರಿಯಲ್ಲಿ ಗಂಟೆ ಎಷ್ಟು?

ಕರ್ನಾಟಕದ ಯಾವ ಶಾಲೆಗೆ ಬೇಕಾದರೂ ಹೋಗಿ, ಐದನೇ ಕ್ಲಾಸಿನ ಮಕ್ಕಳಿಗೆ ‘ಒಂದು ಸೀನರಿ ಬಿಡಿಸಿ’ ಎನ್ನಿ. ಹತ್ತು ನಿಮಿಷದಲ್ಲಿ ಎರಡು ಬೆಟ್ಟ, ಅವುಗಳ ಸಂದಿಯಲ್ಲಿ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ದಡದಲ್ಲಿ ಗುಡಿಸಲು, ಪಕ್ಕದಲ್ಲೊಂದು ತೆಂಗಿನಮರ, ಮೇಲೆ ನಾಲ್ಕು ಹಕ್ಕಿ ತಯಾರಾಗುತ್ತವೆ. ರಾಯಚೂರಿನ ಮಗು ಬಿಡಿಸಿದ್ದಕ್ಕೂ ಶಿರಸಿಯ ಮಗು ಬಿಡಿಸಿದ್ದಕ್ಕೂ ಫರಕಿರುವುದಿಲ್ಲ. ಈ ಬೆಟ್ಟಗಳ ಬಗ್ಗೆ ಬೇಕಾದಷ್ಟು ಜನ ನಕ್ಕಿದ್ದಾರೆ. ನನ್ನ ತಕರಾರು ಬೆಟ್ಟದ್ದಲ್ಲ, ಸೂರ್ಯನದು. ಆ ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ? ಸೂರ್ಯನಿರುವುದು ಬೆಟ್ಟದ ಅಂಚಿನಲ್ಲಿ, ಆಕಾಶ ಮಾತ್ರ ನಡುಹಗಲಿನ ನೀಲಿ. ತೆಂಗಿನಮರಕ್ಕೆ ನೆರಳಿಲ್ಲ. ಗುಡಿಸಲಿನ ಎಲ್ಲ ಗೋಡೆಗಳ ಮೇಲೂ ಒಂದೇ ಕಂದು. ಆ ಚಿತ್ರದಲ್ಲಿ ಗಂಟೆ ಎಷ್ಟು ಎಂದು ಕೇಳಿದರೆ ಮಗು ಕಕ್ಕಾಬಿಕ್ಕಿಯಾಗುತ್ತದೆ, ಏಕೆಂದರೆ ಅದನ್ನು ಯಾರೂ ಯಾವತ್ತೂ ಕೇಳಿಲ್ಲ.

ಮಕ್ಕಳನ್ನು ಬಿಡೋಣ. ದೊಡ್ಡವರ ಸೀನರಿಗಳಿವೆಯಲ್ಲ, ಹಲ್ಲಿನ ಡಾಕ್ಟರ ವೇಟಿಂಗ್ ರೂಮಿನಲ್ಲಿ, ಹೋಟೆಲಿನ ಲಾಬಿಯಲ್ಲಿ, ಗೃಹಪ್ರವೇಶದ ಉಡುಗೊರೆಯಲ್ಲಿ, ಹೌದು, ಗ್ಯಾಲರಿಗಳ ಗೋಡೆಯ ಮೇಲೂ, ಅವುಗಳ ಗತಿಯೂ ಬಹುಮಟ್ಟಿಗೆ ಇದೇ. ಕೈ ಪಳಗಿದೆ, ಬಣ್ಣ ದುಬಾರಿಯದು, ಫ್ರೇಮು ಭಾರಿ. ಹೊತ್ತು ಮಾತ್ರ ಯಾವುದೂ ಅಲ್ಲ. ಇದಕ್ಕಿಂತ ನನ್ನನ್ನು ಕೆರಳಿಸುವುದು ಆ ಚಿತ್ರಗಳ ಬಗ್ಗೆ ನಾವು ಬರೆಯುವ ಕನ್ನಡ. ‘ಕಲಾವಿದರು ಪ್ರಕೃತಿಯ ಭಾವವನ್ನು ಬಣ್ಣಗಳಲ್ಲಿ ಹಿಡಿದಿಟ್ಟಿದ್ದಾರೆ.’ ‘ಬೆಳಕು ನೆರಳಿನಾಟ ಮನಸ್ಸಿಗೆ ಮುದ ನೀಡುತ್ತದೆ.’ ‘ವರ್ಣಸಂಯೋಜನೆ ಕಣ್ಣಿಗೆ ತಂಪು.’ ಈ ವಾಕ್ಯಗಳನ್ನು ಒಂದು ಪ್ರದರ್ಶನದ ವರದಿಯಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿ ನೋಡಿ, ಎಲ್ಲೂ ಹೊಲಿಗೆ ಕಾಣುವುದಿಲ್ಲ. ಯಾವ ಚಿತ್ರಕ್ಕೂ ಸಲ್ಲುವ ಮಾತು ಯಾವ ಚಿತ್ರವನ್ನೂ ನೋಡಿ ಆಡಿದ ಮಾತಲ್ಲ.

ಹಾಗಾಗಿ ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರದೊಳಗೆ ಹೊತ್ತು ಯಾವುದು, ಆ ಬೆಳಕು ಎಲ್ಲಿಂದ ಬಂತು, ಅದು ಯಾವ ಗಾಳಿಯನ್ನು ಹಾದು ಬಂತು ಎಂದು ಕೇಳದ ವಿಮರ್ಶೆಗೆ ಆ ಚಿತ್ರದ ‘ಭಾವ’ದ ಬಗ್ಗೆ ಮಾತಾಡುವ ಹಕ್ಕಿಲ್ಲ.

*

‘ಭಾವ’ ಎಂಬ ಪದವನ್ನು ನಾವು ಕಾವ್ಯಮೀಮಾಂಸೆಯಿಂದ ತಂದೆವು. ತರುವಾಗ ಅರ್ಧ ಮಾತ್ರ ತಂದೆವು. ಭರತನ ನಾಟ್ಯಶಾಸ್ತ್ರದ ಪ್ರಕಾರ ರಸ ಹುಟ್ಟುವುದು ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಕೂಡಿದಾಗ. ವಿಭಾವವೆಂದರೆ ಕಾರಣ. ನಂತರದ ಮೀಮಾಂಸಕರು ಅದನ್ನು ಆಲಂಬನ, ಉದ್ದೀಪನ ಎಂದು ಎರಡು ಮಾಡಿ, ಬೆಳದಿಂಗಳು, ಋತು, ಉದ್ಯಾನ ಇವೆಲ್ಲವನ್ನೂ ಉದ್ದೀಪನದ ಸಾಲಿಗೆ ಸೇರಿಸಿದರು. ಅಂದರೆ ನಮ್ಮದೇ ಶಾಸ್ತ್ರ ಹೇಳುವ ಪ್ರಕಾರ ಭಾವ ಹವೆಯಲ್ಲಿ ತೇಲುವ ಸುಗಂಧವಲ್ಲ. ಅದಕ್ಕೊಂದು ಕಾರಣ ಬೇಕು, ಆ ಕಾರಣ ಕಣ್ಣಿಗೆ ಕಾಣಬೇಕು. ನಾವು ಭಾವವನ್ನು ಇಟ್ಟುಕೊಂಡು ವಿಭಾವವನ್ನು ಬಿಸಾಡಿದೆವು. ಆಮೇಲೆ ಆ ಖಾಲಿ ಜಾಗಕ್ಕೆ ‘ಕಲಾವಿದನ ಅಂತರಂಗ’ವನ್ನು ತಂದು ತುಂಬಿದೆವು.

ಅಂತರಂಗದ ಈ ಮಾತು ರೊಮ್ಯಾಂಟಿಕ್ ಕಾಲದ ಯುರೋಪಿನಿಂದ ಬಂದದ್ದು ಎಂದು ಯಾರಾದರೂ ಹೇಳಬಹುದು. ಹಾಗಿದ್ದರೆ ಆ ಕಾಲದ ಒಬ್ಬ ಚಿತ್ರಕಾರನನ್ನೇ ನೋಡೋಣ. ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಲಂಡನ್ ಪಕ್ಕದ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಕೂತು ಬರೀ ಮೋಡಗಳನ್ನು ಬಿಡಿಸಿದ. ಒಂದೆರಡಲ್ಲ, ಹತ್ತಾರು ಚಿತ್ರ. ಅನೇಕವುಗಳಲ್ಲಿ ಮರವೂ ಇಲ್ಲ, ನೆಲವೂ ಇಲ್ಲ, ಆಕಾಶವಷ್ಟೇ. ಆಗ ಗೆಳೆಯನೊಬ್ಬನಿಗೆ ಬರೆದ ಕಾಗದದಲ್ಲಿ, ಭೂದೃಶ್ಯದಲ್ಲಿ ಭಾವದ ಮುಖ್ಯ ಅಂಗವೇ ಆಕಾಶ ಎಂಬ ಅರ್ಥದ ಮಾತನ್ನು ಆಡುತ್ತಾನೆ. ನಮ್ಮ ವಿಮರ್ಶಕರು ಈ ಮಾತು ಕೇಳಿದರೆ ಕಣ್ಣು ಒರೆಸಿಕೊಂಡಾರು. ಆದರೆ ಅದೇ ಮನುಷ್ಯ ಆ ಚಿತ್ರಗಳ ಹಿಂಬದಿಯಲ್ಲಿ ಏನು ಬರೆದಿಟ್ಟ? ತಾರೀಖು. ಗಂಟೆ. ಗಾಳಿ ಯಾವ ದಿಕ್ಕಿನದು, ಜೋರೋ ಮೆಲ್ಲಗೋ. ಮಳೆ ಬರುವ ಮುಂಚೆಯೋ ಬಂದ ಮೇಲೋ.

ಮುಂದೆ ಭಾವ, ಹಿಂದೆ ಗಾಳಿಯ ದಿಕ್ಕು. ಈ ಎರಡರ ನಡುವೆ ಅವನಿಗೆ ಜಗಳ ಕಾಣಲಿಲ್ಲ. ಅವನ ಅಪ್ಪ ಧಾನ್ಯದ ವ್ಯಾಪಾರಿ, ಗಿರಣಿಗಳ ಮಾಲೀಕ. ಹುಡುಗನಾಗಿದ್ದಾಗ ಅವನೂ ಗಾಳಿಗಿರಣಿಯಲ್ಲಿ ಕೆಲಸ ಮಾಡಿದವನು. ಮೋಡ ನೋಡಿ ಗಾಳಿ ತಿಳಿಯದಿದ್ದರೆ ಗಿರಣಿಯ ರೆಕ್ಕೆ ಮುರಿಯುತ್ತದೆ. ಆಕಾಶ ಅವನಿಗೆ ಮೊದಲು ಕಸುಬಿನ ವಿಷಯ, ಆಮೇಲೆ ಕಾವ್ಯ. ಅದೂ ಮೋಡಗಳಿಗೆ ವ್ಯವಸ್ಥಿತವಾಗಿ ಹೆಸರು ಸಿಕ್ಕು ಆಗಿನ್ನೂ ಎರಡು ದಶಕವಾಗಿತ್ತು. ಲ್ಯೂಕ್ ಹೊವರ್ಡ್ ಎಂಬ ಔಷಧ ತಯಾರಕ 1802ರಲ್ಲಿ ಲಂಡನ್ನಿನಲ್ಲಿ ಒಂದು ಭಾಷಣ ಮಾಡಿ ಮೋಡಗಳನ್ನು ಸಿರಸ್, ಕ್ಯುಮ್ಯುಲಸ್, ಸ್ಟ್ರೇಟಸ್ ಎಂದು ವಿಂಗಡಿಸಿದ್ದ. ಇಂಥ ಕಾಲದಲ್ಲಿ ಮೋಡವನ್ನು ‘ವಿಷಾದದ ಸಂಕೇತ’ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಕಾನ್‌ಸ್ಟೆಬಲ್ ಅದನ್ನು ಮಾಡಲಿಲ್ಲ.

*

ಬಣ್ಣದ ವಿಷಯಕ್ಕೆ ಬಂದರೆ ನಮ್ಮ ಸೋಮಾರಿತನ ಇನ್ನೂ ಎದ್ದು ಕಾಣುತ್ತದೆ. ನೀಲಿ ಎಂದರೆ ಶಾಂತಿ, ಕೆಂಪು ಎಂದರೆ ಸಿಟ್ಟು, ಹಳದಿ ಎಂದರೆ ಸಂತೋಷ, ಬೂದು ಎಂದರೆ ದುಃಖ. ಪೇಂಟ್ ಅಂಗಡಿಯ ಕ್ಯಾಟಲಾಗು, ವಾಸ್ತು ಪುಸ್ತಕ, ‘ಕಲರ್ ಸೈಕಾಲಜಿ’ಯ ಎರಡು ನಿಮಿಷದ ವಿಡಿಯೋ ಹೇಳುವ ಮಾತುಗಳೇ ಚಿತ್ರವಿಮರ್ಶೆಯಲ್ಲೂ ನುಸುಳಿವೆ. ಕೋಷ್ಟಕವೇ ಬೇಕೆಂದರೆ ನಾಟ್ಯಶಾಸ್ತ್ರದಲ್ಲೂ ಒಂದಿದೆ. ಅಲ್ಲಿ ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ಅದ್ಭುತಕ್ಕೆ ಹಳದಿ. ನೀಲಿ ಯಾವುದಕ್ಕೆ ಗೊತ್ತೇ? ಬೀಭತ್ಸಕ್ಕೆ. ಶಾಂತಿಗಾಗಿ ಬೆಡ್‌ರೂಮಿಗೆ ನೀಲಿ ಬಳಿಸಿದವರು ಭರತಮುನಿಯ ಲೆಕ್ಕದಲ್ಲಿ ಹೇಸಿಗೆಯೊಳಗೆ ಮಲಗಿದ್ದಾರೆ. ಎರಡು ಕೋಷ್ಟಕ ಪರಸ್ಪರ ಹೀಗೆ ಹೊಡೆದಾಡುವಾಗ ಬಣ್ಣದೊಳಗೇ ಭಾವ ಕೂತಿದೆ ಎಂಬ ನಂಬಿಕೆಗೆ ಬುಡವೇ ಇಲ್ಲ. ರಂಗಭೂಮಿಗೆ ಇಂಥ ಸಂಕೇತ ಬೇಕು, ಅದು ಅಲ್ಲಿನ ಒಪ್ಪಂದ. ಭೂದೃಶ್ಯದಲ್ಲಿ ಬಣ್ಣ ಕೆಲಸ ಮಾಡುವ ರೀತಿಯೇ ಬೇರೆ.

ಅದನ್ನು ತೋರಿಸಿಕೊಟ್ಟವನು ಒಬ್ಬ ರಸಾಯನಶಾಸ್ತ್ರಜ್ಞ. ಪ್ಯಾರಿಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಷೆವ್ರಲ್‌ನ ಬಳಿ ಒಂದು ದೂರು ಬಂತು. ಕಪ್ಪು ನೂಲು ಕಪ್ಪಗೆ ಕಾಣುತ್ತಿಲ್ಲ, ಬಣ್ಣ ಕಳಪೆ ಎಂದು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ನೂಲುಗಳ ಬಣ್ಣ ಆ ಕಪ್ಪನ್ನು ಮಂಕಾಗಿಸಿತ್ತು. ಇದರಿಂದ ಹುಟ್ಟಿದ ಅವನ ಪುಸ್ತಕ 1839ರಲ್ಲಿ ಬಂತು, ಮುಂದೆ ಯುರೋಪಿನ ಚಿತ್ರಕಾರರು ಅದನ್ನು ಕಣ್ಣಿಗೊತ್ತಿಕೊಂಡರು. ಬಣ್ಣಕ್ಕೆ ಸ್ವಂತ ಗುಣ ಇರುವುದು ಟ್ಯೂಬಿನಲ್ಲಿ ಇರುವವರೆಗೆ. ಚಿತ್ರದೊಳಗೆ ಬಂದ ಮೇಲೆ ಅದರ ಗುಣವನ್ನು ನೆರೆಹೊರೆ ನಿರ್ಧರಿಸುತ್ತದೆ.

ಬಣ್ಣವೇ ಇಲ್ಲದೆ ಭಾವ ಬರುತ್ತದೆಯೇ ಎಂದು ಕೇಳಿದರೆ, ಚೀನಾದ ಗುವೊ ಶಿ 1072ರಲ್ಲಿ ಬರೆದ ‘ಮುಂಚಿನ ವಸಂತ’ ಎಂಬ ಚಿತ್ರ ಇವತ್ತಿಗೂ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ರೇಷ್ಮೆಯ ಮೇಲೆ ಹೆಚ್ಚುಕಡಿಮೆ ಬರೀ ಮಸಿ. ಹೂವಿಲ್ಲ, ಹಸಿರಿಲ್ಲ. ಮಂಜು ಬೆಟ್ಟದ ಸೊಂಟದಿಂದ ಬಿಡಿಸಿಕೊಳ್ಳುತ್ತಿರುವುದು ಮಾತ್ರ ಕಾಣುತ್ತದೆ. ಮಸಿ ಎಲ್ಲಿ ದಟ್ಟ, ಎಲ್ಲಿ ತೆಳು, ಎಲ್ಲಿ ಹಚ್ಚದೆ ಬಿಟ್ಟದ್ದು ಎಂಬುದರಲ್ಲೇ ಚಳಿ ಇನ್ನೂ ಪೂರ್ತಿ ಹೋಗಿಲ್ಲ ಎಂಬುದು ತಿಳಿಯುತ್ತದೆ. ಆ ಚಿತ್ರಕ್ಕೆ ಗಡಿಯಾರ ಬೇಡ, ತಿಂಗಳು ಗೊತ್ತಾಗುತ್ತದೆ.

ಹಾಗಾದರೆ ಹೊತ್ತು ಕೇಳುವುದು ಪಾಶ್ಚಾತ್ಯರ ಚಟ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ನಮ್ಮ ರಾಗಮಾಲಾ ಚಿತ್ರಗಳಲ್ಲಿ ಬಿದ್ದ ನೆರಳು ಇರುವುದಿಲ್ಲ, ನಡುರಾತ್ರಿಯಲ್ಲೂ ನಾಯಿಕೆಯ ಮುಖ ಹಗಲಿನಷ್ಟೇ ಸ್ಪಷ್ಟ. ಆದರೂ ಭೈರವ ಬೆಳಗಿನದು, ಮೇಘ ಮಳೆಗಾಲದ್ದು ಎಂಬುದರಲ್ಲಿ ಅವುಗಳಿಗೆ ಗೊಂದಲವಿಲ್ಲ. ಬಾರಾಮಾಸ ಚಿತ್ರಗಳಂತೂ ಹೆಸರೇ ಹೇಳುವಂತೆ ಹನ್ನೆರಡು ತಿಂಗಳ ಲೆಕ್ಕ. ಸುರುಳಿಗಟ್ಟಿದ ಕಪ್ಪು ಮೋಡ, ಹಾವಿನಂತೆ ಹರಿದ ಚಿನ್ನದ ಮಿಂಚು, ಅದರ ಎದುರು ಬೆಳ್ಳಕ್ಕಿಗಳ ಸಾಲು ಕಂಡರೆ ಮಳೆಗಾಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೊತ್ತನ್ನು ನೆರಳಿನಿಂದ ಹೇಳಬಹುದು, ಸಂಕೇತದಿಂದಲೂ ಹೇಳಬಹುದು. ನಮ್ಮ ಸೀನರಿ ಎರಡನ್ನೂ ಬಿಟ್ಟಿದೆ. ಅದು ಪಶ್ಚಿಮದ್ದೂ ಅಲ್ಲ, ನಮ್ಮ ಪರಂಪರೆಯದೂ ಅಲ್ಲ. ಕ್ಯಾಲೆಂಡರಿನದು. ತಮಾಷೆಯೆಂದರೆ ಅದರ ಕೆಳಗೆ ತಿಂಗಳು ಅಚ್ಚಾಗಿರುತ್ತದೆ, ಮೇಲಿನ ಚಿತ್ರಕ್ಕೆ ಮಾತ್ರ ತಿಂಗಳಿಲ್ಲ.

*

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಗಟ್ಟಿಯಾದದ್ದೇ. ಬೆಳಕಿನ ಕಾರಣ ಹುಡುಕುತ್ತ ಹೋದರೆ ಚಿತ್ರ ಹವಾಮಾನ ವರದಿಯಾಗುವುದಿಲ್ಲವೇ? ಇದಕ್ಕೆ ಉತ್ತರವಾಗಿ ಮೋನೆಯ ಲಂಡನ್ ಚಿತ್ರಗಳನ್ನು ನೋಡಬೇಕು.

ಮೋನೆ ತನ್ನೂರಿನ ಪಕ್ಕದ ಹೊಲದ ಬಣವೆಗಳನ್ನು 1890-91ರಲ್ಲಿ ಮತ್ತೆ ಮತ್ತೆ ಬಿಡಿಸಿದ್ದು ಎಲ್ಲರಿಗೂ ಗೊತ್ತು. ಬೆಳಕು ಬದಲಾದಂತೆ ಒಂದು ಕ್ಯಾನ್ವಾಸು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. 1891ರ ಮೇ ತಿಂಗಳಲ್ಲಿ ಅವುಗಳಲ್ಲಿ ಹದಿನೈದನ್ನು ಪ್ಯಾರಿಸಿನಲ್ಲಿ ಒಟ್ಟಿಗೆ ತೂಗುಹಾಕಿದಾಗ ನೋಡಿದವರಿಗೆ ಬಣವೆ ನೆಪ, ಹೊತ್ತೇ ವಿಷಯ ಎಂಬುದು ಅರ್ಥವಾಯಿತು. ಅದೇ ಮೋನೆ 1899ರಿಂದ 1901ರವರೆಗೆ ಮೂರು ಸಲ ಲಂಡನ್ನಿಗೆ ಹೋದ. ಥೇಮ್ಸ್ ದಂಡೆಯ ಸವಾಯ್ ಹೋಟೆಲಿನಿಂದ ಸೇತುವೆಗಳನ್ನೂ, ಆಚೆ ದಡದ ಆಸ್ಪತ್ರೆಯೊಂದರಿಂದ ಪಾರ್ಲಿಮೆಂಟ್ ಭವನವನ್ನೂ ಬಿಡಿಸಿದ. ಸುಮಾರು ನೂರು ಕ್ಯಾನ್ವಾಸು ಶುರುವಾದವು, ಊರಿಗೆ ಒಯ್ದು ತಿದ್ದಿ ತೀಡಿ 1904ರಲ್ಲಿ ಮೂವತ್ತೇಳನ್ನು ಪ್ರದರ್ಶಿಸಿದ.

ಆ ಚಿತ್ರಗಳಲ್ಲಿ ಕಟ್ಟಡ ಕರಗಿಹೋಗಿರುತ್ತದೆ. ನೇರಳೆ ಮಬ್ಬಿನಲ್ಲಿ ಗೋಪುರವೊಂದು ತೇಲುತ್ತದೆ, ಕಿತ್ತಳೆ ಸೂರ್ಯ ನೀರಿನ ಮೇಲೆ ಒಡೆದು ಬಿದ್ದಿರುತ್ತಾನೆ. ‘ಸ್ವಪ್ನಸದೃಶ’ ಎಂದು ಬರೆದು ಮುಂದಕ್ಕೆ ಹೋಗಬಹುದು. ಆದರೆ 1900ರ ಮಾರ್ಚಿನಲ್ಲಿ ಹೆಂಡತಿಗೆ ಬರೆದ ಕಾಗದದಲ್ಲಿ ಮೋನೆ ತನ್ನ ಒಂದು ಬೆಳಗಿನ ಗಾಬರಿಯನ್ನು ಹೇಳಿಕೊಳ್ಳುತ್ತಾನೆ. ಎದ್ದು ನೋಡಿದರೆ ಮಬ್ಬಿನ ಸುಳಿವೇ ಇಲ್ಲ, ಕೆಲಸ ಕೆಟ್ಟಿತು ಎಂದುಕೊಂಡನಂತೆ. ಸ್ವಲ್ಪ ಹೊತ್ತಿಗೆ ಊರಿನ ಒಲೆಗಳು ಹೊತ್ತಿಕೊಂಡವು, ಹೊಗೆ ಎದ್ದಿತು, ಮಬ್ಬು ಮರಳಿತು, ಜೀವ ಬಂತು. ಅವನಿಗೆ ಬೇಕಾಗಿದ್ದ ಭಾವ ಕಲ್ಲಿದ್ದಲ ಒಲೆಯಿಂದ ಬರುತ್ತಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

2023ರಲ್ಲಿ ಆನಾ ಲೀ ಆಲ್‌ಬ್ರೈಟ್ ಮತ್ತು ಪೀಟರ್ ಹೈಬರ್ಸ್ ಎಂಬ ಇಬ್ಬರು ಹವಾಮಾನ ವಿಜ್ಞಾನಿಗಳು ಟರ್ನರ್ ಮತ್ತು ಮೋನೆಯ ಸುಮಾರು ನೂರು ಚಿತ್ರಗಳನ್ನು ಅಳೆದು ನೋಡಿದರು. ಗಾಳಿಯಲ್ಲಿ ಗಂಧಕದ ಹೊಗೆ ಹೆಚ್ಚಿದ ಲೆಕ್ಕಕ್ಕೂ ಚಿತ್ರಗಳಲ್ಲಿ ಅಂಚುಗಳು ಮಸುಕಾಗಿ ಬಣ್ಣ ಬಿಳಿಚಿಕೊಂಡ ಲೆಕ್ಕಕ್ಕೂ ತಾಳೆಯಾಗುತ್ತದೆ ಎಂಬುದು ಅವರ ತೀರ್ಮಾನ. ಗಾಳಿಯ ಕಣಗಳು ಬೆಳಕನ್ನು ಚದುರಿಸುತ್ತವೆ, ದೂರದ ಕಪ್ಪು ಬೂದಾಗುತ್ತದೆ, ಗೆರೆ ಅಳಿಸುತ್ತದೆ. ಕಲಾಲೋಕದ ಕೆಲವರಿಗೆ ಇದು ಹಿಡಿಸಲಿಲ್ಲ. ಶೈಲಿಯನ್ನು ಹೊಗೆಗೆ ಇಳಿಸಿಬಿಟ್ಟಿರಲ್ಲ ಎಂಬ ಬೇಸರ ಅವರದು. ನನಗೆ ಆ ಬೇಸರ ಅರ್ಥವಾಗುವುದಿಲ್ಲ. ಲಂಡನ್ನಿನಲ್ಲಿ ಆ ಹೊಗೆಯ ಕೆಳಗೆ ಲಕ್ಷಾಂತರ ಜನ ಇದ್ದರು, ಅವರೆಲ್ಲರೂ ಮೋನೆ ಆಗಲಿಲ್ಲ. ಯಾವ ಕಿಟಕಿ, ಯಾವ ಗಂಟೆ, ಯಾವ ಕ್ಷಣದಲ್ಲಿ ಕೈ ನಿಲ್ಲಿಸಬೇಕು ಎಂಬ ಆಯ್ಕೆ ಅವನದು. ಹೊಗೆ ವಿಭಾವ, ಆಯ್ಕೆ ಕಲೆ. ಕಾರಣ ತಿಳಿದರೆ ಸೊಬಗು ಕಡಿಮೆಯಾಗುವುದಿಲ್ಲ, ಅದರ ಜೊತೆಗೆ ಒಂದು ಮುಳ್ಳು ಸೇರಿಕೊಳ್ಳುತ್ತದೆ. ಆ ನೇರಳೆಯನ್ನು ಜನ ಉಸಿರಾಡುತ್ತಿದ್ದರು. ಅರ್ಧ ಶತಮಾನದ ನಂತರ, 1952ರ ಡಿಸೆಂಬರಿನಲ್ಲಿ, ಅದೇ ಊರಿನಲ್ಲಿ ಅಂಥದೇ ಮಬ್ಬು ಐದು ದಿನ ಕದಲದೆ ನಿಂತು ಸಾವಿರಾರು ಜನರನ್ನು ಕೊಂದಿತು. ‘ಸ್ವಪ್ನಸದೃಶ’ ಎಂಬ ವಿಶೇಷಣಕ್ಕೆ ಈ ಎರಡನ್ನೂ ಹೊರುವ ಬಲವಿಲ್ಲ. ಮೋನೆಯ ಚಿತ್ರಕ್ಕೆ ಇದೆ.

*

ಈಗ ನನ್ನ ಸಿಟ್ಟಿನ ನಿಜವಾದ ಮೂಲಕ್ಕೆ ಬರುತ್ತೇನೆ. ನಾನು ಯಲಬುರ್ಗಾ ಕಡೆಯ ಎರೆಸೀಮೆಯವಳು. ನಮ್ಮಲ್ಲಿ ಹಿಂಗಾರಿ ಜೋಳ, ಕಡಲೆ ಕಿತ್ತ ಮೇಲೆ ಹೊಲ ಬರಿದು. ಏಪ್ರಿಲ್ಲಿನಲ್ಲಿ ನೆಲ ಬಿರಿಯುತ್ತದೆ. ಎರೆ ಎಂದರೆ ಕಪ್ಪು ಎಂದು ಪುಸ್ತಕ ಹೇಳುತ್ತದೆ, ಆದರೆ ಒಣಗಿದ ಎರೆ ಮಟಮಟ ಮಧ್ಯಾಹ್ನ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಬೇವಿನ ಮರದ ನೆರಳು ಬುಡಕ್ಕೆ ಅಂಟಿಕೊಂಡಿರುತ್ತದೆ. ದೂರದ ರಸ್ತೆಯ ಮೇಲೆ ಬಿಸಿಲ್ಗುದುರೆ ಓಡುತ್ತದೆ. ಆಕಾಶಕ್ಕೆ ನೀಲಿ ಎನ್ನುವ ಬಣ್ಣವೇ ಇರುವುದಿಲ್ಲ, ಬಿಳಿಚಿಕೊಂಡು ಕಣ್ಣಿಗೆ ಚುಚ್ಚುತ್ತದೆ.

ಈ ಬೆಳಕಿಗೆ ‘ಭಾವ’ ಇದೆ ಎಂದು ನಮ್ಮ ಸೀನರಿ ಸಂಸ್ಕೃತಿ ಒಪ್ಪುವುದಿಲ್ಲ. ಭಾವವೆಲ್ಲ ಮಲೆನಾಡಿನ ಮಂಜಿಗೆ, ಕರಾವಳಿಯ ಸಂಜೆಗೆ ಬರೆದುಕೊಟ್ಟಾಗಿದೆ. ಬಯಲುಸೀಮೆಗೆ ಬಂದರೆ ಹಂಪಿಯ ಸೂರ್ಯಾಸ್ತ ಒಂದು ಸಿಗುತ್ತದೆ. ಹಂಪಿಗೆ ಔಟ್‌ಡೋರ್ ಸ್ಕೆಚಿಂಗ್‌ಗೆ ಬರುವ ಕಲಾಶಾಲೆಯ ತಂಡಗಳು ಬೆಳಿಗ್ಗೆ ಹತ್ತರವರೆಗೆ ಕೂರುತ್ತವೆ, ಆಮೇಲೆ ಎದ್ದು ನೆರಳಿಗೆ ಹೋಗಿ ಸಂಜೆ ನಾಲ್ಕಕ್ಕೆ ಮರಳುತ್ತವೆ. ಕಾರಣ ಇಲ್ಲದಿಲ್ಲ. ನಡುಹಗಲಲ್ಲಿ ವಾಟರ್ ಕಲರ್ ಕುಂಚದಲ್ಲೇ ಒಣಗುತ್ತದೆ, ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ನೆರಳು ಚಿಕ್ಕದಾಗಿ ಬಂಡೆಯ ಆಕಾರ ಸಿಗುವುದಿಲ್ಲ. ಯಾರನ್ನೂ ಬಿಸಿಲಲ್ಲಿ ಬೇಯಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಚಿತ್ರಕಾರನಿಗೆ ಕೂರಲು ಕಷ್ಟವಾದ ಹೊತ್ತನ್ನು ನೋಡುಗ ‘ಭಾವವಿಲ್ಲದ ಹೊತ್ತು’ ಎಂದು ತಿಳಿದದ್ದು ಹೇಗೆ? ಫೋಟೋಗ್ರಾಫರುಗಳ ‘ಗೋಲ್ಡನ್ ಅವರ್’ ನಮ್ಮ ಕಣ್ಣಿನ ಕಾನೂನು ಆದದ್ದು ಯಾವಾಗ? ಆ ಮಧ್ಯಾಹ್ನದಲ್ಲಿ ಹೊಲದಲ್ಲಿ ಜನ ಇರುತ್ತಾರೆ. ಬುತ್ತಿ ಬಿಚ್ಚುತ್ತಾರೆ, ಬೇವಿನ ಬುಡಕ್ಕೆ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಅರ್ಧ ಗಂಟೆ ಒರಗುತ್ತಾರೆ. ಅವರ ಬದುಕಿನ ಬಹುಭಾಗ ನಡೆಯುವ ಬೆಳಕಿಗೆ ಭಾವವಿಲ್ಲ ಎಂದರೆ ಅವರ ಬದುಕಿಗೆ ಭಾವವಿಲ್ಲ ಎಂದಂತೆ.

ನಡುಹಗಲು ಚಿತ್ರಕ್ಕೆ ಒಗ್ಗದು ಎನ್ನುವವರಿಗೆ ವ್ಯಾನ್ ಗೋನ ಒಂದು ಚಿತ್ರ ಸಾಕು. ಬಣವೆಯ ನೆರಳಲ್ಲಿ ಗಂಡು ಹೆಣ್ಣು ಇಬ್ಬರು ಕೊಯ್ಲುಗಾರರು ಮಲಗಿದ್ದಾರೆ. ಕಳಚಿಟ್ಟ ಚಪ್ಪಲಿ, ಪಕ್ಕದಲ್ಲಿ ಕುಡುಗೋಲು. ಉರಿಯುವ ಹಳದಿಯ ಎದುರು ಬಟ್ಟೆಯದೂ ಆಕಾಶದ್ದೂ ನೀಲಿ. ಆ ನೀಲಿಯಲ್ಲಿ ತಂಪು ಇರುವುದು ಅದು ನೀಲಿಯಾಗಿರುವುದರಿಂದಲ್ಲ, ಸುತ್ತ ಅಷ್ಟು ಹಳದಿ ಉರಿಯುತ್ತಿರುವುದರಿಂದ. ಷೆವ್ರಲ್ ಹೇಳಿದ ನೆರೆಹೊರೆಯ ಲೆಕ್ಕ ಇದೇ. ಇದಕ್ಕೆ ಮೂಲ ಮಿಲೆ ಎಂಬ ಹಿರಿಯ ಚಿತ್ರಕಾರನ, ದಿನದ ನಾಲ್ಕು ಹೊತ್ತುಗಳನ್ನು ಕುರಿತ ಚಿತ್ರಗಳಲ್ಲೊಂದು. ವ್ಯಾನ್ ಗೋ ಮುಂದಿಟ್ಟುಕೊಂಡದ್ದು ಅದರ ಕಪ್ಪುಬಿಳುಪು ಅಚ್ಚನ್ನು. ಬಿಡಿಸಿದ್ದು ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿ, 1889-90ರ ಚಳಿಗಾಲದಲ್ಲಿ. ಅಂದರೆ ಮಧ್ಯಾಹ್ನವನ್ನು ಬಿಡಿಸಲು ಮಧ್ಯಾಹ್ನ ಬಿಸಿಲಲ್ಲಿ ಕೂರಲೇಬೇಕೆಂದಿಲ್ಲ. ಮಧ್ಯಾಹ್ನ ಎಂದರೇನು, ಆಗ ಯಾರು ಏನು ಮಾಡುತ್ತಿರುತ್ತಾರೆ ಎಂಬುದು ಮೈಗೆ ಗೊತ್ತಿರಬೇಕು. ಅದಕ್ಕೂ ಹಿಂದಿನ ಬೇಸಿಗೆಗಳಲ್ಲಿ ಅವನು ದಕ್ಷಿಣ ಫ್ರಾನ್ಸಿನ ಗೋಧಿ ಹೊಲಗಳಲ್ಲಿ ಬೆಂದಿದ್ದ.

ನಮ್ಮ ಭಾಷೆಗೆ ಈ ಜ್ಞಾನ ಇಲ್ಲವೆಂದಲ್ಲ. ನಸುಕು, ಎಳೆಬಿಸಿಲು, ಹೊತ್ತೇರಿದ್ದು, ಚುರುಬಿಸಿಲು, ರಣಬಿಸಿಲು, ಇಳಿಹೊತ್ತು, ಹೊಂಬಿಸಿಲು, ಮುಚ್ಚಂಜೆ ಎಂದು ಬೆಳಕನ್ನು ಇಷ್ಟು ಬಗೆಯಾಗಿ ಸೀಳಿ ಇಟ್ಟುಕೊಂಡ ಜನ ನಾವು. ‘ಗೋಧೂಳಿ’ ಎಂಬ ಪದವನ್ನೇ ನೋಡಿ. ಮೇವಿಗೆ ಹೋದ ದನ ಮರಳುವಾಗ ಎದ್ದ ಧೂಳು, ಆ ಧೂಳಿನಲ್ಲಿ ಇಳಿಸೂರ್ಯನ ಬೆಳಕು ಚದುರಿ ಕೆಂಪಾದದ್ದು. ಹೊತ್ತು, ಕಾರಣ, ಬಣ್ಣ, ದುಡಿಮೆ ನಾಲ್ಕೂ ಆ ಪದದೊಳಗಿವೆ. ವಿಭಾವ ಸಮೇತವಾದ ಇಂಥ ಪದ ಕೈಯಲ್ಲಿದ್ದೂ ನಾವು ‘ವರ್ಣಮಯ ಸಂಜೆ’ ಎಂದು ಬರೆಯುತ್ತೇವೆ.

*

ನಮ್ಮದೇ ದೊಡ್ಡ ಚಿತ್ರಕಾರರ ವಿಷಯದಲ್ಲಿ ಈ ಅಭ್ಯಾಸ ಮಾಡಿರುವ ನಷ್ಟ ಸಣ್ಣದಲ್ಲ. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿದ್ದವರು. ಊಟಿಯ ಬೆಟ್ಟ, ಮಂಜು, ಮೋಡಗಳನ್ನು ಜಲವರ್ಣದಲ್ಲಿ ಬಿಡಿಸಿದರು. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಅವರ ಬಗ್ಗೆ ಕನ್ನಡದಲ್ಲಿ ಸಿಗುವ ಬರಹ ಓದಿ ನೋಡಿ. ಬ್ರಹ್ಮಚರ್ಯ, ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತದ್ದು, ಶಿಸ್ತು, ಮುಂಗೋಪ, ತಪಸ್ಸು. ಮನುಷ್ಯನ ಬಗ್ಗೆ ಪುಟಗಟ್ಟಲೆ, ಊಟಿಯ ಮಂಜಿನ ಬಗ್ಗೆ ಎರಡು ಸಾಲು. ಜಲವರ್ಣದಲ್ಲಿ ಮಂಜು ತರುವುದು ಕಠಿಣ ಕೆಲಸ. ಬಿಳಿ ಬಣ್ಣ ಹಚ್ಚಿದರೆ ಮಂಜು ಸುಣ್ಣವಾಗುತ್ತದೆ. ಹಾಳೆಯ ಬಿಳುಪನ್ನು ಉಳಿಸಿಕೊಂಡು, ಒದ್ದೆಯ ಹದ ಕಾದು, ಬಣ್ಣವನ್ನು ಹರಿಯಗೊಟ್ಟು ಅದನ್ನು ಪಡೆಯಬೇಕು. ಬೆಟ್ಟದ ಯಾವ ಎತ್ತರದಲ್ಲಿ ಮಂಜು ನಿಂತಿದೆ, ಬಿಸಿಲು ಬರುವ ಮುಂಚಿನದೋ ಮಳೆ ನಿಂತ ಮೇಲಿನದೋ, ದೂರದ ಗುಡ್ಡ ಎಷ್ಟು ನೀಲಿಗೆ ತಿರುಗಿದೆ? ಇವನ್ನು ಕೇಳಿದ್ದರೆ ಅವರ ತಪಸ್ಸು ಏನೆಂಬುದು ಹಾಳೆಯ ಮೇಲೇ ಕಾಣುತ್ತಿತ್ತು. ಜೀವನಚರಿತ್ರೆಯಿಂದ ತಂದು ಅಂಟಿಸಬೇಕಾಗಿರಲಿಲ್ಲ.

ರುಮಾಲೆ ಚೆನ್ನಬಸವಯ್ಯನವರದು ಇನ್ನೊಂದು ಕಥೆ. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ಅವರು ಬೆಂಗಳೂರಿನ ಹೂಮರಗಳನ್ನು ಮರದ ಎದುರೇ ನಿಂತು ಬಿಡಿಸಿದವರು. ಇವತ್ತು ಅವರ ಚಿತ್ರಗಳ ಮುಂದೆ ನಿಂತವರ ಬಾಯಲ್ಲಿ ಬರುವುದು ಒಂದೇ ಮಾತು, ‘ಹಳೇ ಬೆಂಗಳೂರು ಎಷ್ಟು ಚೆಂದ ಇತ್ತಲ್ಲ!’ ಹಳಹಳಿಕೆಗೆ ಹೊತ್ತು ಬೇಕಿಲ್ಲ, ‘ಆಗ’ ಎಂದರೆ ಸಾಕು. ಆದರೆ ರುಮಾಲೆಯವರ ಮರಗಳಿಗೆ ತಿಂಗಳಿದೆ. ಟಬೆಬುಯಾ ಹಳದಿಯಾಗುವುದು, ಜಕರಂಡ ನೇರಳೆಯಾಗುವುದು ಬೇಸಿಗೆ ಶುರುವಾಗುವ ಹೊತ್ತಿಗೆ. ಗುಲ್‌ಮೊಹರ್ ಕೆಂಪು ಹೊತ್ತಿಕೊಳ್ಳುವುದು ಏಪ್ರಿಲ್, ಮೇ ಬಿಸಿಲಿಗೆ. ಅವುಗಳನ್ನು ಸಾಲಾಗಿ ನೋಡಿದರೆ ಬೆಂಗಳೂರಿಗೆ ಒಂದು ಬಾರಾಮಾಸ ಸಿಗುತ್ತದೆ. ಯಾವ ತಿಂಗಳಲ್ಲಿ ಯಾವ ರಸ್ತೆಗೆ ಯಾವ ಬಣ್ಣದ ನೆರಳು ಬೀಳುತ್ತಿತ್ತು ಎಂಬ ದಾಖಲೆ ಅದು. ರಸ್ತೆ ಅಗಲ ಮಾಡಲು ಮರ ಕಡಿಯುವಾಗ ನಾವು ಎಣಿಸುವುದು ಕಾಂಡಗಳನ್ನು. ಹೋದ ಬೆಳಕಿನ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ. ಅದು ಈ ಚಿತ್ರಗಳಲ್ಲಿದೆ. ಅವನ್ನು ‘ನೆನಪಿನ ಪರಿಮಳ’ ಎಂದು ಕರೆದು ಆ ಲೆಕ್ಕವನ್ನೂ ಅಳಿಸಿಹಾಕುತ್ತಿದ್ದೇವೆ.

ಹಾಗಾಗಿ ಕಲೆಯ ಬಗ್ಗೆ ಬರೆಯುವವರಲ್ಲಿ ನನ್ನ ಬೇಡಿಕೆ ಚಿಕ್ಕದು. ‘ಭಾವ’ ಎಂದು ಬರೆಯುವ ಮುಂಚೆ ಮೂರು ಸಾಲು ಬರೆಯಿರಿ. ಚಿತ್ರದಲ್ಲಿ ಹೊತ್ತು ಯಾವುದು? ಬೆಳಕು ಯಾವುದನ್ನು ಹಾದು ಬಂದಿದೆ, ಮಂಜನ್ನೋ, ಧೂಳನ್ನೋ, ಹೊಗೆಯನ್ನೋ, ಎಲೆಯನ್ನೋ? ಆ ಬೆಳಕಿನಲ್ಲಿ ಯಾರು ಏನು ಮಾಡುತ್ತಿದ್ದಾರೆ, ಅಥವಾ ಯಾರನ್ನು ಚಿತ್ರದಿಂದ ಹೊರಗೆ ಕಳಿಸಲಾಗಿದೆ? ಮೂರಕ್ಕೂ ಚಿತ್ರ ಉತ್ತರ ಕೊಡದಿದ್ದರೆ ಅದನ್ನೂ ಬರೆಯಿರಿ. ಮುದ, ತಂಪು, ಮಾಧುರ್ಯಗಳನ್ನು ಆಮೇಲೆ ನೋಡಿಕೊಳ್ಳೋಣ.

ಇನ್ನು ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮುಂದಿನ ಸಲ ಚಿತ್ರಕಲಾ ಸ್ಪರ್ಧೆ ಇಟ್ಟಾಗ ಬೋರ್ಡಿನ ಮೇಲೆ ‘ಸೀನರಿ’ ಎಂದು ಬರೆಯಬೇಡಿ. ‘ನಮ್ಮ ಮನೆಯ ಹಿತ್ತಲು, ಮಧ್ಯಾಹ್ನ ಎರಡು ಗಂಟೆ’ ಎಂದು ಬರೆಯಿರಿ. ಮಕ್ಕಳನ್ನು ಹೊರಗೆ ಕಳಿಸಿ, ನೆರಳು ಎಲ್ಲಿ ಬಿದ್ದಿದೆ ನೋಡಿಕೊಂಡು ಬರಲು ಹೇಳಿ. ಚಿತ್ರ ಮುಗಿದ ಮೇಲೆ ಹಾಳೆಯ ಹಿಂದೆ ತಾರೀಖು, ಗಂಟೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನು ಬರೆಸಿ. ಮಾರ್ಕು ಹಾಕುವಾಗ ಮೊದಲು ಹಾಳೆಯನ್ನು ತಿರುಗಿಸಿ ನೋಡಿ.